ಬಾಕಿ ಚಿಲ್ಲರೆ

ಎರಡು ವಾರ ಬರೀ ಗಂಜಿತಿಳಿ, ಮಜ್ಜಿಗೆ ನೀರು.
ಲಿವರ್ ಕುಗ್ಗಬೇಕು, ಅದು ಸರಿದು ಜಾಗ ಕೊಟ್ಟರೇ ಕೆಲಸ
ಅಂದರು ಡಾಕ್ಟರ್ ಇಂದುಶ್ರೀ.
ಹೊಸ ಮಾತೇನಲ್ಲ ನನಗೆ.
ಇಪ್ಪತ್ತೆರಡು ವರ್ಷ ಕೂಗಿದ್ದೇನೆ,
ಸರೀರಿ, ಒಳಗೆ ಹೋಗಿ, ಜಾಗ ಬಿಡಿ.
ಕೆಂಗೇರಿ ಬಸ್ಸಿನ ನಡುದಾರಿಯಲ್ಲಿ ನಾನು ಬಂದರೆ
ಎರಡೂ ಕಡೆಯ ಮೊಣಕಾಲುಗಳು ತಾವೇ ಒಳಗೆ ಸರಿಯುತ್ತಿದ್ದವು.
ಡಿಪೋದವರು ಇಟ್ಟ ಹೆಸರು ಡಬಲ್ ಡೆಕ್ಕರ್.
ನಗುತ್ತಿದ್ದೆ. ನಕ್ಕು, ಇನ್ನೊಂದು ಬೋಂಡ.

ಜಯನಗರದ ಆಸ್ಪತ್ರೆ, ಮೂರನೇ ಮಹಡಿ.
ಮಣಿಕಟ್ಟಿನ ಪಟ್ಟಿಯಲ್ಲಿ: ಪುಟ್ಟಗೌರಮ್ಮ, ನಲವತ್ತಾರು.
ಮೂಗಿಗೆ ಮಾಸ್ಕ್ ಇಟ್ಟು ಹತ್ತರವರೆಗೆ ಎಣಿಸಿ ಅಂದರು.
ನಾಲ್ಕಕ್ಕೇ ನನ್ನ ಸ್ಟಾಪು ಬಂತು.

ಮುಂದಿನದು ಕಂಡದ್ದಲ್ಲ, ಕೇಳಿದ್ದು.
ಐದು ತೂತು, ಒಂದೊಂದೂ ಉಗುರಿನಗಲ.
ಗಾಳಿ ತುಂಬಿ ಹೊಟ್ಟೆಯನ್ನು ಶಾಮಿಯಾನದ ಹಾಗೆ ಎತ್ತಿದರಂತೆ.
ಕ್ಯಾಮೆರಾ ಇಳಿದರೆ ಒಳಗೆಲ್ಲ ಹಳದಿ,
ಬೆಳಗಿನ ಜಾವದ ಮಾರ್ಕೆಟ್ಟಿನಲ್ಲಿ ಸುರಿದ ಚೆಂಡುಹೂವು.
ಅಂಟಿದ ಕೊಬ್ಬನ್ನು ಅಂಚಿನುದ್ದಕ್ಕೂ ಬಿಡಿಸಿ,
ಬಾಯಿಂದ ಅಳತೆಗೊಂದು ನಳಿಗೆ ಇಳಿಬಿಟ್ಟು,
ಅದರ ಮಗ್ಗುಲಲ್ಲೇ ಸ್ಟೇಪ್ಲರ್:
ಮೂರು ಸಾಲು ಪಿನ್ನು ಆ ಕಡೆ, ಮೂರು ಈ ಕಡೆ,
ನಡುವೆ ಬ್ಲೇಡು.
ನೀಲಿ ನೀರು ಬಿಟ್ಟು ನೋಡಿದರು, ಎಲ್ಲಾದರೂ ಸೋರುತ್ತದೋ ಅಂತ.
ಸೋರಲಿಲ್ಲ.
ಉಳಿದದ್ದು ಒಂದು ಬಾಳೆಕಾಯಿಯಷ್ಟು.

ಹೋದದ್ದನ್ನು
ತೂತಿನಿಂದ ಎಳೆದರಂತೆ, ಒದ್ದೆ ಕಾಲುಚೀಲದ ಹಾಗೆ.
ಹಸಿವು ಹೆಚ್ಚಾಗಿ ಹುಟ್ಟುವುದು ಅಲ್ಲೇ ಅಂತೆ.
ಅದರಲ್ಲಿ ಏನೇನಿತ್ತು ನನಗೆ ಗೊತ್ತು.
ಆರು ಮಕ್ಕಳಿಗೆ ಬಡಿಸಿ ಅವ್ವ ತಳ ಕೆರೆದ ಸದ್ದು.
ಅಪ್ಪ ಸತ್ತ ರಾತ್ರಿ, ಪಕ್ಕದ ಮನೆಯವರು ತಂದ ಉಪ್ಪಿಟ್ಟನ್ನು
ಮೂರು ಸಲ ಹಾಕಿಸಿಕೊಂಡಿದ್ದು.
ಅದಕ್ಕೆ ಲೇಬಲ್ ಅಂಟಿಸಿ ಲ್ಯಾಬಿಗೆ ಕಳಿಸಿದರು.

ಎಚ್ಚರವಾದರೆ ನೋವು ಹೆಗಲಲ್ಲಿ.
ಹೊಟ್ಟೆ ಕುಯ್ದರೆ ಹೆಗಲು ನೋಯತ್ತಾ ಅಂದೆ.
ಗ್ಯಾಸು, ನಡೆದರೆ ಹೋಗುತ್ತೆ ಅಂದಳು ಸಿಸ್ಟರ್ ಬಿನ್ಸಿ.
ದುಡ್ಡಿನ ಚೀಲ ನೇತಾಡುತ್ತಿದ್ದ ಹೆಗಲೇ ಅದು.
ಸಂಜೆ ಡ್ರಿಪ್ಪಿನ ಕಂಬ ಹಿಡಿದು ಕಾರಿಡಾರಿನಲ್ಲಿ ನಡೆದೆ.
ಕಂಬ ಹಿಡಿದು ನಡೆಯುವುದು ಬರುತ್ತದೆ ನನಗೆ.

ಔಷಧಿ ಮುಚ್ಚಳದಲ್ಲಿ ಮೂವತ್ತು ಎಂಎಲ್ ನೀರು, ಗುಟುಕು ಗುಟುಕಾಗಿ.
ನಮ್ಮೆಜಮಾನರು ಕಿಟಕಿ ಕಡೆ ತಿರುಗಿ
ಕದ್ದು ಇಡ್ಲಿ ತಿಂದರು.
ಚಟ್ನಿಯ ವಾಸನೆ ಬಂತು. ಕಾದೆ.
ಏನೂ ಏಳಲಿಲ್ಲ.
ಕೊನೇ ಟ್ರಿಪ್ಪು ಮುಗಿಸಿ ಡಿಪೋಗೆ ಬಂದ ಬಸ್ಸು,
ಒಳಗೆ ದೀಪ ಉರಿಯುತ್ತಿದೆ, ಯಾರೂ ಇಲ್ಲ.
ಅಳು ಬಂತು. ಹೊಲಿಗೆ ಎಳೆಯುತ್ತೆ, ಅಳಬೇಡಿ ಅಂದಳು ಬಿನ್ಸಿ.

ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರಮ್ಮನಿಗೆ ಅಂದೆ,
ಹೊಟ್ಟೆ ಐದರಲ್ಲಿ ಒಂದು ಪಾಲಾಯಿತು ಮೇಡಂ,
ಹೊಟ್ಟೆಪಾಡು ಅಷ್ಟೇ ಇದೆ.
ಉಳಿದ ನಾಲ್ಕರ ಲೆಕ್ಕ?
ಫೈಲು ಮುಚ್ಚಿ ನಕ್ಕರು.

ಇರಲಿ.
ಚಿಲ್ಲರೆ ಇಲ್ಲದಾಗ ನಾನೂ
ಟಿಕೆಟ್ಟಿನ ಹಿಂದೆ ಗೀಚಿ ಕೊಡುತ್ತಿದ್ದೆ,
ಇಳಿಯೋವಾಗ ಇಸ್ಕೊಳ್ಳಿ ಅಂತ.
ಎಷ್ಟೋ ಜನ ಮರೆತೇ ಇಳಿದುಹೋದರು.