ಮೊದಲ ನೀರು

ನಮ್ಮ ಇಗರ್ಜಿ ಮುಚ್ಚಿದ ವರ್ಷ
ಪಾಪನಿವೇದನೆಯ ಗೂಡು ಹರಾಜಿಗೆ ಬಂತು.
ಇನ್ನೂರಾ ಹತ್ತು ಯೂರೋ,
ನನ್ನ ಬಟ್ಟೆ ಒಗೆಯುವ ಯಂತ್ರಕ್ಕಿಂತ ಅಗ್ಗ.
ಈಗದು ಕಾಫಿ ಅಂಗಡಿಯ ಮೂಲೆಯಲ್ಲಿದೆ.
ಗುರುಗಳು ಕೂರುತ್ತಿದ್ದಲ್ಲಿ ಹಸಿರು ಮೆತ್ತೆ,
ಮಂದಿ ಮಂಡಿಯೂರುತ್ತಿದ್ದಲ್ಲಿ ಚಾರ್ಜರಿನ ತೂತು,
ಮೇಲೊಂದು ಹಲಗೆ:
ಫೋನಿನಲ್ಲಿ ಮಾತಾಡುವವರು ದಯವಿಟ್ಟು ಒಳಗೆ.

ನಾನು ಲುಟ್ಗಾರ್ಡ್, ಕೋರ್ಟ್ರೈಕಿನವಳು.
ನಲವತ್ತೊಂದು ವರ್ಷ ಆ ಇಗರ್ಜಿಯ ಮಡಿವಾಳಿತಿ.
ನಮ್ಮಜ್ಜಿಯ ಕಾಲಕ್ಕೆ ಲೇಯೆ ಹೊಳೆಯಲ್ಲಿ
ಅಗಸೆಯ ಕಂತೆ ಕೊಳೆಹಾಕುತ್ತಿದ್ದರು,
ನಾರಿಗಾಗಿ ಊರಿಗೆ ಊರೇ ನಾರುತ್ತಿತ್ತಂತೆ.
ಆ ನಾರೇ ನೂಲಾಗಿ, ಮಡಿಯಾಗಿ, ಬಲಿಪೀಠ ಹತ್ತಿ
ಸೋಮವಾರ ನನ್ನ ಬುಟ್ಟಿಗೆ ಇಳಿಯುತ್ತಿತ್ತು:
ದ್ರಾಕ್ಷಾರಸದ ಕಲೆ, ಗುರುಗಳ ತುಟಿಯ ಗುರುತು,
ಇದ್ದರೂ ಇರಬಹುದಾದ ಒಂದು ರೊಟ್ಟಿಯ ಚೂರು.

ಮೊದಲ ನೀರನ್ನು ಮೋರಿಗೆ ಚೆಲ್ಲಬಾರದು,
ಮಣ್ಣಿಗೆ ಹಾಕಬೇಕು.
ನನಗೆ ಯಾರಾದರೂ ಕಲಿಸಿದ ದೇವಶಾಸ್ತ್ರ ಅಷ್ಟೇ.
ಎರಡನೆಯ ನೀರು ಎಲ್ಲಿಗಾದರೂ ಹೋಗಲಿ.

ಕಾಫಿ ಮಾಡುವ ಸೆಪ್ಪೆಯ ಮುಂಗೈ ಮೇಲೆ
ಮುಳ್ಳು ಸುತ್ತಿದ, ಉರಿಯುವ ಹೃದಯದ ಹಚ್ಚೆ.
ಎಲ್ಲಿ ಸಿಕ್ಕಿತೋ ಇದು ಅಂದೆ.
ಫೋನಿನಲ್ಲಿ ಕಂಡೆ, ಚೆಂದ ಅನ್ನಿಸಿತು,
ನಿಮಗೂ ಗೊತ್ತಾ ಇದು? ಅಂದ.
ಮುಖಪರಿಚಯ ಉಂಟು, ಅಂದೆ.

ದಿನಾ ಹತ್ತಕ್ಕೆ ಬಂದು ಗೂಡಿನ ಪಕ್ಕ ಕೂರುತ್ತೇನೆ.
ಕದ್ದು ಕೇಳುವುದಲ್ಲ, ಓಕ್ ಹಲಗೆ ತೆಳ್ಳಗಾಗಿದೆ.
ಮನೆ ಸಾಲದ ಕಂತು, ಡಾಕ್ಟರು ಕೊಟ್ಟ ತಾರೀಕು.
ಒಬ್ಬಾತ ರೈಲಿನಲ್ಲಿದ್ದೇನೆ, ಬ್ರಸೆಲ್ಸ್ ಬಂತು ಅನ್ನುತ್ತ
ಇಲ್ಲೇ ಕೂತು ಕೇಕು ಮುರಿಯುತ್ತಿದ್ದ.
ನಿಜ ಹೇಳಲು ಮಾಡಿಸಿದ ಗೂಡು,
ಸುಳ್ಳಿಗೂ ಅಳತೆ ಸರಿಹೋಗಿದೆ.

ತಪಸ್ಸುಕಾಲದ ಒಂದು ಗುರುವಾರ
ಅಂಗಡಿ ತುಂಬಿ ಒಂದು ಕುರ್ಚಿಯೂ ಇರಲಿಲ್ಲ.
ಮಂಡಿನೋವು. ಕಪ್ಪು ಹಿಡಿದು
ಗುರುಗಳ ಜಾಗದಲ್ಲೇ ಕೂತುಬಿಟ್ಟೆ, ದೇವರು ಬೈಯಲಿ.
ಆ ಬದಿಗೆ ಒಬ್ಬಳು ಹುಡುಗಿ ಬಂದಳು,
ಕುತ್ತಿಗೆಯಲ್ಲಿ ಕಂಪನಿಯ ಚೀಟಿ.
ಜಾಲರಿಯಲ್ಲಿ ಕಂಡಿತು: ಫೋನು ಕಿವಿಗಿದೆ,
ಪರದೆ ಕಪ್ಪಗಿದೆ.

ದಿನಕ್ಕೆ ಎಂಟುನೂರು ವೀಡಿಯೊ ನೋಡಬೇಕು,
ಜನ ನೋಡಬಾರದ್ದನ್ನು ಅಳಿಸಬೇಕು,
ಅದೇ ನನ್ನ ಕೆಲಸ, ಅನ್ನುತ್ತಿದ್ದಳು ಯಾರಿಗೋ.
ಒಂದನ್ನು ಅಳಿಸಲಿಲ್ಲ. ಹಸಿವಾಗಿತ್ತು, ಎದ್ದುಹೋದೆ.
ಬರುವಷ್ಟರಲ್ಲಿ ನಾಲ್ಕು ಸಾವಿರ ಮಂದಿ ನೋಡಿದ್ದರು.
ಅದರಲ್ಲಿ ಅವನ ತಾಯಿಯೂ ಇದ್ದಳು.

ನನ್ನ ಕಪ್ಪು ಬಟ್ಟಲಿಗೆ ತಾಗಿ ಸದ್ದಾಯಿತು.
ಆ ಕಡೆ ಯಾರಾದರೂ ಇದ್ದೀರಾ?
ಇದ್ದೇನೆ ಮಗಳೇ, ಆದರೆ ಕಾಫಿ ಕುಡಿಯಲು.
ಅವಳಿಗೆ ನಗು ಬಂತು. ಅದರ ಹಿಂದೆಯೇ ಇನ್ನೊಂದು.

ಬಿಡಿಸುವ ಅಧಿಕಾರ ನನ್ನದಲ್ಲ,
ಪರವಾಗಿಲ್ಲ ಅನ್ನಲು ನಾಲಗೆ ಏಳಲಿಲ್ಲ,
ಪರವಾಗಿತ್ತು, ಅದಕ್ಕೇ ಅಲ್ಲವೆ ಅವಳು ಅಳುತ್ತಿದ್ದುದು.
ಕಲೆಯ ಬಗ್ಗೆ ನನಗೆ ತಿಳಿದದ್ದು ಬಿಸಿನೀರು, ಉಪ್ಪು, ತಾಳ್ಮೆ,
ಕೆಲವು ಹೋಗುವುದಿಲ್ಲ ಎಂಬುದೂ.
ಇಸ್ತ್ರಿಯ ಮಡಿಕೆ ಬಿಚ್ಚದ ಕರವಸ್ತ್ರವೊಂದಿತ್ತು.
ಬತ್ತಿಯಂತೆ ಹೊಸೆದು ಜಾಲರಿಯಲ್ಲಿ ತೂರಿಸಿದೆ.
ಹೊತ್ತಾದ ಮೇಲೆ ಅದೇ ದಾರಿಯಲ್ಲಿ
ಒದ್ದೆಯಾಗಿ, ಕಾಡಿಗೆ ಮೆತ್ತಿಕೊಂಡು ವಾಪಸು ಬಂತು.
ಹೆಸರು ಕೇಳಲಿಲ್ಲ. ಗೂಡಿನ ಕಟ್ಟಳೆ ಅದು.

ರಾತ್ರಿ ಬೋಗುಣಿಯಲ್ಲಿ ನೆನೆಹಾಕಿದೆ.
ನೀರು ಬೂದಿಬಣ್ಣಕ್ಕೆ ತಿರುಗಿತು.
ಮೋರಿಯವರೆಗೆ ಹೋದ ಕೈ
ನನ್ನನ್ನು ಕೇಳದೆ ನಿಂತಿತು.

ನನ್ನ ಮನೆ ನಾಲ್ಕನೇ ಮಹಡಿ, ಮಣ್ಣೆಲ್ಲಿಂದ ತರಲಿ?
ಲಿಫ್ಟಿನಲ್ಲಿ ಇಳಿದೆ, ರಾತ್ರಿಯಂಗಿಯ ಮೇಲೆ ಕೋಟು,
ಎರಡೂ ಕೈಯಲ್ಲಿ ತುಳುಕದ ಹಾಗೆ ಬೋಗುಣಿ.
ಸೈಕಲ್ ನಿಲ್ಲಿಸುವ ಜಾಗದಲ್ಲೊಂದು
ಪುರಸಭೆ ನೆಟ್ಟ ಸಣಕಲು ಮರ.
ಬೀಗ ಬಿಚ್ಚುತ್ತಿದ್ದ ಹುಡುಗ ಕೇಳಿದ:
ಈ ಹೊತ್ತಲ್ಲಿ ಗಿಡಕ್ಕೆ ನೀರಾ, ಅಜ್ಜೀ?

ಹೂಂ, ಅಂದೆ. ಇದು ಮೊದಲನೇದು.