ಲಾಗುವುದು

ಬಜೆಟ್ಟಿನ ವಾರ ನಮಗೆ ರಾತ್ರಿ ಪಾಳಿ.
ಸರ್ಕಾರಿ ಅಚ್ಚುಕೂಟದ ಬಾಗಿಲಿಗೆ ಪೊಲೀಸು,
ಊಟ ಒಳಕ್ಕೇ ಬರುತ್ತಿತ್ತು,
ಮನೆಗೆ ಫೋನು ಮಾಡುವಂತಿರಲಿಲ್ಲ.
ನಾನು ಕರಡು ತಿದ್ದುವವಳು.
ಮೊಳೆ ಜೋಡಿಸುವವನು ಚೌರಪ್ಪ.

ಪುಟ ನಲವತ್ತೊಂದೋ ನಲವತ್ತೆರಡೋ,
ನೀರಾವರಿ ಮುಗಿದು ಮೀನುಗಾರಿಕೆ ಶುರುವಾಗುವ ಮುಂಚೆ
ಪ್ರತಿ ವರ್ಷ ಅದೇ ಸಾಲು:
ಮುಚ್ಚಿದ ರೈಲು ಮಾರ್ಗಗಳನ್ನು ಹಂತಹಂತವಾಗಿ
ಪುನಃ ತೆರೆಯಲಾಗುವುದು.

ಬೇರೆಲ್ಲ ಸಾಲು ಕಳಚಿ, ಮೊಳೆಗಳನ್ನು
ಅವವುಗಳ ಖಾನೆಗೆ ಹಾಕುತ್ತಿದ್ದ ಚೌರಪ್ಪ
ಇದೊಂದಕ್ಕೆ ಮಾತ್ರ ಟ್ವೈನು ದಾರ ಸುತ್ತಿ
ಕಪಾಟಿನ ಮೇಲಿಡುತ್ತಿದ್ದ.
'ಯಾಕೆ ಮೇಡಂ ಸುಮ್ನೆ ಬಿಚ್ಚೋದು,
ಮುಂದಿನ ವರ್ಷ ಬೇಕಲ್ಲ.'
ಮಂತ್ರಿ ಬದಲಾದರು, ಪಕ್ಷ ಬದಲಾಯಿತು.
ಅವನು ಸೀಮೆಎಣ್ಣೆ ಬಟ್ಟೆಯಲ್ಲಿ ಧೂಳೊರೆಸಿ ತರುತ್ತಿದ್ದ,
ಹಬ್ಬಕ್ಕೆ ಅಟ್ಟದಿಂದ ಇಳಿಸಿದ ಹಂಡೆಯ ಹಾಗೆ.

ಅವನ ಊರು, ಯಲಹಂಕ ದಾಟಿ ಒಂದು ಹಾಲ್ಟು.
ಪುಟಾಣಿ ರೈಲು, ಬೆಳಿಗ್ಗೆ ಆರೂ ಹತ್ತಕ್ಕೆ.
ಸೊಪ್ಪಿನ ಮಂಕರಿ, ಹಾಲಿನ ಕ್ಯಾನು, ಕಾಲು ಕಟ್ಟಿದ ಕೋಳಿ.
ಗಾರ್ಡಿಗೆ ಎಲ್ಲರ ಹೆಸರೂ ಗೊತ್ತು;
ಲಗ್ನದ ಮಾರನೇ ದಿನ ಚೌರಪ್ಪ ತಡವಾದಾಗ
ಎರಡು ನಿಮಿಷ ಹಸಿರು ಬಾವುಟ ಬಿಚ್ಚಲಿಲ್ಲವಂತೆ.
ಆಮೇಲೊಂದು ದಿನ ಗೋಡೆಗೆ ಕಾಗದ ಅಂಟಿತು:
ಸಂಚಾರವನ್ನು ಸ್ಥಗಿತಗೊಳಿಸಲಾಗಿದೆ.

ನೋಡಿ, ಮುಚ್ಚುವಾಗ 'ಲಾಗಿದೆ'.
ತೆರೆಯುವಾಗ 'ಲಾಗುವುದು'.
ಎರಡಕ್ಕೂ ಕರ್ತೃ ಇಲ್ಲ.
ಮೂವತ್ತು ವರ್ಷ ತಿದ್ದಿದ್ದೇನೆ,
ಸರ್ಕಾರದ ವಾಕ್ಯದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ.

ಆಮೇಲೆ ಅವನಿಗೆ ಮೂರು ಬಸ್ಸು, ಮೆಜೆಸ್ಟಿಕ್ಕಿನಲ್ಲಿ ಓಟ,
ಬರುವಷ್ಟರಲ್ಲಿ ಅಂಗಿಯ ಬೆನ್ನು ಒದ್ದೆ.
ಹಳಿ ಕಿತ್ತು ಲಾರಿಗೆ ಹೇರಿದ ದಿನ ರಜೆ ಹಾಕಿದ್ದ.
ಮೊಳದುದ್ದದ ಒಂದು ತುಂಡನ್ನು
ಇಗರ್ಜಿಯ ಮುಂದಿನ ಬೇವಿಗೆ ನೇತುಹಾಕಿದರಂತೆ,
ಗಂಟೆಯ ಬದಲು.
'ಬಡಿದರೆ ಒಳ್ಳೇ ನಾದ ಮೇಡಂ.
ಹತ್ತಿ ಕೂರೋಕೆ ಆಗಲ್ಲ, ಅಷ್ಟೇ.'

ಒಂದು ವರ್ಷ, ಬೆಳಗಿನ ಜಾವ ಮೂರಕ್ಕೆ
ಒದ್ದೆ ಕರಡು ಬಂತು. ಓದುತ್ತ ಹೋದೆ,
ನೀರಾವರಿ ಮುಗಿಯಿತು,
ಮುಚ್ಚಿದ ರೈಲು ಮಾರ್ಗಗಳನ್ನು ಹಂತಹಂತವಾಗಿ
ಪುನಃ ತೆರೆಯಲಾಗದು.

ಒಂದು ಕೊಂಬು. ಒಂದು ವು.
ಅಷ್ಟೇ ಬಿದ್ದುಹೋಗಿದ್ದದ್ದು.

ತಲೆಯೆತ್ತಿದೆ. ಬೆನ್ನು ತಿರುಗಿಸಿ ನಿಂತಿದ್ದ ಚೌರಪ್ಪ,
ಟೀ ಗ್ಲಾಸು ಕೈಯಲ್ಲೇ ಆರುತ್ತಿತ್ತು.
'ಮೊಳೆ ಸವೆದಿದೆ ಮೇಡಂ' ಅಂದ.
ನಾನೇನೂ ಕೇಳಿರಲಿಲ್ಲ.

ಕೆಂಪು ಪೆನ್ನನ್ನು ಎರಡು ಸಲ ಒದರಿದೆ.
ಪಿಂಚಣಿಗೆ ಇನ್ನೂ ಒಂಬತ್ತು ವರ್ಷ ಬಾಕಿ.
ಅಂಚಿನಲ್ಲಿ ಕೊಂಬು ಬರೆದೆ, ವು ಬರೆದೆ.
ಅವನು ಮಾತಾಡದೆ ಸರಿಮಾಡಿ ತಂದ.
ಆ ಸಾಲಿಗೆ ಸಭೆಯಲ್ಲಿ ಮೇಜು ಕುಟ್ಟಿದರೆಂದು
ಸಂಜೆ ರೇಡಿಯೋ ಹೇಳಿತು.

ಆಫ್‌ಸೆಟ್ ಬಂತು, ಸೀಸವನ್ನು ತೂಕಕ್ಕೆ ಹಾಕಿದರು.
ಚೌರಪ್ಪ ಹೋದ ತಪಸ್ಸುಕಾಲದಲ್ಲಿ ತೀರಿಕೊಂಡ.
ಮಣ್ಣಿಗೆ ಹೊರಟವಳು ಹೆಬ್ಬಾಳದಲ್ಲಿ ಎರಡು ತಾಸು
ಕಾರುಗಳ ನಡುವೆ ಸಿಕ್ಕಿಬಿದ್ದೆ.
ತಲುಪಿದಾಗ ಎಲ್ಲ ಮುಗಿದು
ಹೂವು ಬಾಡಿತ್ತು.

ಮಗಳು ಮಾರ್ಸೆಲೀನಾ ನಶ್ಯದ ಡಬ್ಬಿಯೊಂದನ್ನು ಕೊಟ್ಟಳು,
'ತಿದ್ದೋ ಮೇಡಂ ಬಂದ್ರೆ ಕೊಡು ಅಂದಿದ್ರು.'
ಒಳಗೆ ಎರಡೇ ಮೊಳೆ.
ಕನ್ನಡಿಯಲ್ಲಿ ಓದಬೇಕಾದ ಒಂದು ಕೊಂಬು, ಒಂದು ವು.

ಹಾಲ್ಟಿಗೆ ನಡೆದು ಹೋದೆವು.
ಚಾವಣಿಯಿಲ್ಲ, ಟಿಕೆಟ್ಟಿನ ಕಿಂಡಿಯಿದೆ,
ಕಿಂಡಿಯಲ್ಲಿ ಯಾರದೋ ಬೀಡಿ ತುಂಡು.
ಜಾಲಿಗಿಡದ ನಡುವೆ ಸಾಲಾಗಿ
ಹಸಿ ಹಳದಿ ಬಣ್ಣದ ಗೂಟಗಳು.
ಅಳತೆಯ ಹುಡುಗನನ್ನು ಕೇಳಿದೆ: ಯಾವಾಗಪ್ಪ?

'ಆಗುತ್ತೆ ಆಂಟಿ' ಅಂದ, ಯಂತ್ರದಿಂದ ಕಣ್ಣು ತೆಗೆಯದೆ.
'ಸ್ವಲ್ಪ ಆ ಕಡೆ ನಿಲ್ಲಿ. ಅಡ್ಡ ಬರ್ತಿದೀರ.'

ಸರಿದು ನಿಂತೆ.
ಡಬ್ಬಿಯೊಳಗೆ ಮೊಳೆಗಳು
ಕಟಕಟ ಅಂದವು.