ಹರಿಯದ ಹೊಲಿಗೆ

ಪತ್ರ ಬಂದದ್ದು ಗಾಡಿಯ ಹೆಸರಿಗೆ.
ಸಂಡೂರಿನ ಅದಿರು ಓಡುತ್ತಿದ್ದ ಕಾಲಕ್ಕೆ ಕೊಂಡವನು
ಅದಿರು ನಿಂತ ವರ್ಷ ಗುತ್ತಿಗೆದಾರನಿಗೆ ಮಾರಿದ,
ಅವನು ಎರಿಸ್ವಾಮಿಗೆ.
ಈಗದು ಮದುಮಗ ಕೂರುವ ಬಾಡಿಗೆ ಗಾಡಿ,
ಗಂಟೆಗಿಷ್ಟು, ಹೂವಿನ ಖರ್ಚು ಬೇರೆ.
ಬಾಗಿಲ ಸಂದಿಯಲ್ಲಿ ಇವತ್ತಿಗೂ ಕೆಂಪು ಧೂಳು,
ಎಷ್ಟು ತೊಳೆದರೂ ಒಂದು ಚಮಚ ಉಳಿಯುತ್ತದೆ.

ಕೌಲ್ ಬಜಾರಿನ ನನ್ನ ಅಂಗಡಿಗೆ ತಂದು
‘ಓದಿಸು ನಬಿಸಾಬ, ಕನ್ನಡಕ ಮನೇಲಿ’ ಅಂದ.
ಅವನಿಗೆ ಕನ್ನಡಕವೇ ಇಲ್ಲ.

ದಪ್ಪ ಕಾಗದ, ನೆತ್ತಿಗೆ ಬೆಳ್ಳಿಬಣ್ಣದ ಲಾಂಛನ.
ನನ್ನ ಮಗಳು ಮಾಬುನ್ನಿ ಓದಿ ಓದಿ ಕನ್ನಡ ಮಾಡಿದಳು:
ಏರ್‌ಬ್ಯಾಗ್ ಬಿಚ್ಚುವಾಗ ಒಳಗಿನ ಡಬ್ಬಿ ಸಿಡಿದು
ಲೋಹದ ಚೂರು ಹಾರಬಹುದು, ಬಹಳ ಅಪರೂಪ,
ಆದರೂ ತನ್ನಿ, ಪುಕ್ಕಟೆ ಬದಲಿಸುತ್ತೇವೆ,
ನಿಮ್ಮ ನಂಬಿಕೆಯೇ ನಮ್ಮ ಆಸ್ತಿ.

‘ಆಸ್ತಿ ಅವರದು, ಸಾಲ ನಂದು’ ಅಂದ ಎರಿಸ್ವಾಮಿ.
ಮೋಕಾದ ಬೀಗರು ಆಗಲೇ ಮುಂಗಡ ವಾಪಸ್ ಕೇಳಿದ್ದರು,
ಆ ಲಾಂಛನದ ಇನ್ನೊಂದು ಗಾಡಿಯೂ ಬೇಡವಂತೆ.
ಮೋತಿ ಸರ್ಕಲ್ಲಿನಲ್ಲಿ ನಿಲ್ಲಿಸಿದರೆ ಮುಟ್ಟಿ ಓಡುತ್ತಿದ್ದ ಹುಡುಗರು
ಈಗ ಮೂರು ಹೆಜ್ಜೆ ಹಿಂದೆ ನಿಂತು
ಢಮ್ ಅನ್ನುತ್ತಾರೆ.

ನಾನೂ ನಕ್ಕೆ.
ನಗುವಾಗಲೇ ಮಗಳು ಕೇಳಿದ್ದು:
‘ಅಪ್ಪಾ, ಸೀಟಿನ ಪಕ್ಕದಲ್ಲೂ ಒಂದು ಚೀಲ ಇರ್ತದಂತೆ,
ಹೊಲಿಗೆ ಹರಕೊಂಡು ಹೊರಗೆ ಬರ್ತದಂತೆ.
ನೀನು ಹೊಲಿದ ಸೀಟಿನಾಗ ಹೆಂಗ ಬರ್ತದ?’

ತಾತ ಬಿಲ್ಲು ಮೀಟಿ ಹತ್ತಿ ಹಿಂಜಿದವನು,
ಅಪ್ಪ ಗಾದಿ ತುಂಬಿದವನು,
ನಾನು ಹನ್ನೊಂದು ವರ್ಷ ಜೀನ್ಸ್ ಹೊಲಿದು
ಆಮೇಲೆ ಕಾರಿನ ಸೀಟಿಗೆ ಇಳಿದವನು.
ಜೀನ್ಸಿನದೇ ದಾರ, ಜೋಡಿ ಎಳೆ, ಕಿತ್ತಳೆ ಬಣ್ಣ.
ಬೋರ್ಡಿನ ಮೇಲೆ ಬೆಳ್ಳಿ ಇಲ್ಲ, ನೀಲಿ ಪೇಂಟು:
ನಬಿಸಾಬನ ಹೊಲಿಗೆ ಹರಿಯಲ್ಲ.

ಆ ರಾತ್ರಿ ಲೆಕ್ಕದ ವಹಿ ತೆಗೆದೆ.
ಕಂಪನಿಯವರ ಹತ್ತಿರ ನಂಬರು, ವಿಳಾಸ, ದಪ್ಪ ಕಾಗದ.
ನನ್ನ ವಹಿಯಲ್ಲಿ
‘ಗುಂತಕಲ್ ಮೇಷ್ಟ್ರು’, ‘ಬಿಳಿ ಗಾಡಿ, ಮೀಸೆ’,
‘ಸಿರುಗುಪ್ಪ ಅಕ್ಕಿ ಮಿಲ್ಲು, ಅರ್ಧ ಬಾಕಿ’.
ನಲವತ್ತೋ ನಲವತ್ತೆರಡೋ ಇರಬಹುದು.

ಫೋನು ಮಾಡಿದೆ.
ಮೇಷ್ಟ್ರು ಎರಡು ಸಲ ಹೇಳಿಸಿಕೊಂಡು ಥ್ಯಾಂಕ್ಸ್ ಅಂದರು, ಬರಲಿಲ್ಲ.
ಒಬ್ಬ ಬೈದ. ಒಬ್ಬನ ಹೆಂಡತಿ, ಅವರು ತೀರಿಕೊಂಡು
ಎರಡು ವರ್ಷವಾಯಿತು, ಎದೆನೋವು, ಗಾಡಿಯಲ್ಲಲ್ಲ ಅಂದಳು.
ನನಗೆ ಅಲ್ಲಾ ಅನ್ನುವಷ್ಟು ಸಮಾಧಾನ,
ಆಮೇಲೆ ಆ ಸಮಾಧಾನಕ್ಕೇ ನಾಚಿಕೆ.
ಅಕ್ಕಿ ಮಿಲ್ಲಿನವನು ಎತ್ತಲೇ ಇಲ್ಲ,
ಬಾಕಿ ಕೇಳುತ್ತೇನೆಂದುಕೊಂಡಿರಬೇಕು.

ಎದುರಿನ ಅಂಗಡಿಯವನಿಗೆ ಇಷ್ಟು ಸಾಕಿತ್ತು:
‘ಅವನ ಹೊಲಿಗೆ ಅಪಾಯ, ಅವನೇ ಹೇಳ್ಯಾನ.’
ಸುಳ್ಳಲ್ಲವಲ್ಲ, ಜಗಳಕ್ಕೂ ದಾರಿಯಿಲ್ಲ.
ಹದಿನೇಳು ದಿನ ಹೊಸ ಗಿರಾಕಿ ಇಲ್ಲ.
ಬಂದ ಒಂಬತ್ತು ಗಾಡಿಗಳ ಸೀಟು
ಬ್ಲೇಡು ಹಿಡಿದು ಕೂತು ಬಿಚ್ಚಿದೆ.
ನನ್ನ ಕೈಯ ಕೆಲಸ ಎಷ್ಟು ಗಟ್ಟಿ ಎಂದು
ಬಿಚ್ಚುವಾಗ ತಿಳಿಯಿತು. ಹೆಬ್ಬೆರಳು ಎರಡು ಕಡೆ ಕೊಯ್ದಿತು.

ಹರಿಯದಂತೆ ಹೊಲಿಯುವುದು ಹತ್ತು ವರ್ಷಕ್ಕೆ ಬರುತ್ತದೆ.
ಗೇಣುದ್ದ ಜಾಗದಲ್ಲಿ ಮಾತ್ರ, ಬೇಕಾದ ಗಳಿಗೆಗೆ ಮಾತ್ರ
ಹರಿಯುವಂತೆ ಹೊಲಿಯುವುದು
ನನಗಿನ್ನೂ ಪೂರಾ ಬಂದಿಲ್ಲ.

ಎರಿಸ್ವಾಮಿಯ ಗಾಡಿ ಹುಬ್ಬಳ್ಳಿಗೆ ಹೋಗಿ
ಹೊಸ ಡಬ್ಬಿ ಹಾಕಿಸಿಕೊಂಡು ಬಂತು,
ಲಾಂಛನ ಉಜ್ಜಿ ಕಳಿಸಿದ್ದರು, ಫಳಫಳ.
ಸೀಟು ನಾನು ಮತ್ತೆ ಹೊಲಿದುಕೊಟ್ಟೆ.
ಅವನು ಪಕ್ಕದ ಸಂದಿಗೆ ಬೆರಳು ಹಾಕಿ ಜಗ್ಗಿ ನೋಡಿದ.
‘ಏ ನಬಿಸಾಬ, ಇದು ಹರೀತದಲ್ಲೋ!’

ಹ್ಞೂಂ, ಅಂದೆ.

ಅವನು ಬೋರ್ಡು ನೋಡಿದ, ನನ್ನ ನೋಡಿದ,
ಮತ್ತೆ ಬೋರ್ಡು ನೋಡಿದ.